ಪರವಾನಗಿ ಬೇಡ, ಹೊಣೆ ತಪ್ಪದು

ಅಮೆರಿಕದಲ್ಲಿ ಮೋಟಾರ್ ಸೈಕಲ್ ಓಡಿಸಲು ಪರವಾನಗಿ ಬೇಕು. ಅಲ್ಟ್ರಾಲೈಟ್ ಏರಿ ಆಕಾಶಕ್ಕೆ ಹಾರಲು ಬೇಡ. ಸೋಜಿಗವೆನಿಸಿದರೂ 1982ರಿಂದ ಅಲ್ಲಿರುವ ನಿಯಮವೇ ಇದು. 1970ರ ದಶಕದಲ್ಲಿ ಉತ್ಸಾಹಿಗಳು ಗುಡ್ಡದಿಂದ ಜಿಗಿದು ತೇಲುವ ಹ್ಯಾಂಗ್ ಗ್ಲೈಡರ್‌ಗಳಿಗೆ ಪುಟ್ಟ ಎಂಜಿನ್ ಕಟ್ಟತೊಡಗಿದರು. ಇಂಥವರು ಹೆಚ್ಚಿದಂತೆ ಫೆಡರಲ್ ವಿಮಾನಯಾನ ಆಡಳಿತವು ‘103ನೇ ಭಾಗ’ ಎಂಬ ನಿಯಮಾವಳಿಯನ್ನು ರೂಪಿಸಿತು.

ಅದರಂತೆ ಒಬ್ಬರೇ ಹಾರಬೇಕು, ಅದೂ ವಿನೋದಕ್ಕಾಗಿ ಮಾತ್ರ. ಎಂಜಿನ್ ಉಳ್ಳದ್ದಾದರೆ ಖಾಲಿ ತೂಕ 254 ಪೌಂಡ್, ಅಂದರೆ ಸುಮಾರು 115 ಕಿಲೋದೊಳಗಿರಬೇಕು. ಇಂಧನ 5 ಗ್ಯಾಲನ್, ವೇಗ 55 ನಾಟ್ ಮೀರಬಾರದು. ಈ ಮಿತಿಯೊಳಗಿದ್ದರೆ ಕಾನೂನು ಅದನ್ನು ವಿಮಾನವೆನ್ನದೆ ‘ವಾಹನ’ ಎನ್ನುತ್ತದೆ. ನೋಂದಣಿಯಿಲ್ಲ, ಪೈಲಟ್‌ಗೆ ವೈದ್ಯಕೀಯ ತಪಾಸಣೆಯಿಲ್ಲ.

ಹಾಗೆಂದು ಹೇಗೆ ಬೇಕಾದರೂ ಹಾರಬಹುದೆಂದಲ್ಲ. ಹಗಲಲ್ಲೇ ಹಾರಬೇಕು. ಜನವಸತಿ ದಟ್ಟವಾಗಿರುವ ಪ್ರದೇಶದ ಮೇಲೆ ಸುಳಿಯುವಂತಿಲ್ಲ. ದೊಡ್ಡ ವಿಮಾನ ನಿಲ್ದಾಣಗಳ ಸುತ್ತಲಿನ ನಿಯಂತ್ರಿತ ವಾಯುಪ್ರದೇಶಕ್ಕೆ ಮೊದಲೇ ಅನುಮತಿ ಪಡೆಯದೆ ಹೊಗುವಂತಿಲ್ಲ. ಮುಖ್ಯವಾಗಿ, ಎದುರಾಗುವ ಪ್ರತಿ ವಿಮಾನಕ್ಕೂ ಇದೇ ದಾರಿ ಬಿಡಬೇಕು. ಪರೀಕ್ಷೆ ಬರೆಸದ ಸರ್ಕಾರ ಇಡೀ ಭಾರವನ್ನು ಹಾರುವವನ ವಿವೇಕದ ಮೇಲೆ ಹಾಕಿದೆ. ಇದು ದೊಡ್ಡ ನಂಬಿಕೆಯೇ ಸರಿ.

ನಿಜವಾದ ಜಟಾಪಟಿ ಇರುವುದು ಸಣ್ಣ ಸಾರ್ವಜನಿಕ ವಿಮಾನ ನಿಲ್ದಾಣಗಳಲ್ಲಿ. ರನ್‌ವೇಗೆ ಇಳಿಯಲು ಬರುವ ಸೆಸ್ನಾ ವಿಮಾನದ ಮುಂದೆ ಅಲ್ಟ್ರಾಲೈಟ್ ಎತ್ತಿನಗಾಡಿಯಂತೆ ಸಾಗುತ್ತಿದ್ದರೆ ಹಿಂದಿನವನಿಗೆ ಕಷ್ಟ. ಅಲ್ಟ್ರಾಲೈಟ್‌ನಲ್ಲಿ ರೇಡಿಯೊ ಇರಲೇಬೇಕೆಂಬ ನಿಯಮವೂ ಇಲ್ಲ. ದೊಡ್ಡ ವಿಮಾನ ಎಬ್ಬಿಸಿದ ಗಾಳಿಯ ಸುಳಿಗೆ ಸಿಕ್ಕರೆ ಹಗುರ ಯಂತ್ರ ಬುಡಮೇಲಾಗಬಹುದು. ಆದ್ದರಿಂದ ‘ಇವರಿಗೆ ಇಲ್ಲಿ ಜಾಗವಿಲ್ಲ’ ಎಂದುಬಿಡುವ ಆಸೆ ನಿಲ್ದಾಣದವರಿಗೆ ಬರುವುದು ಸಹಜ.

ಅಷ್ಟು ಸುಲಭವಾಗಿ ಹಾಗೆನ್ನಲು ಬಾರದು. ಫೆಡರಲ್ ಅನುದಾನ ಪಡೆಯುವಾಗ ನಿಲ್ದಾಣದ ಒಡೆತನವುಳ್ಳ ನಗರಸಭೆ ಅಥವಾ ಕೌಂಟಿಯು, ಎಲ್ಲ ಬಗೆಯ ವೈಮಾನಿಕ ಚಟುವಟಿಕೆಗಳಿಗೂ ಅನ್ಯಾಯದ ತಾರತಮ್ಯವಿಲ್ಲದೆ ಅವಕಾಶ ಕೊಡುವುದಾಗಿ ಬರೆದುಕೊಟ್ಟಿರುತ್ತದೆ. ಕಾನೂನಿನ ಕಣ್ಣಿಗೆ ಬರೀ ವಾಹನವಾದರೂ ಅಲ್ಟ್ರಾಲೈಟ್ ಹಾರಾಟ ಈ ಚಟುವಟಿಕೆಗಳಲ್ಲಿ ಸೇರಿದೆ. ಸುರಕ್ಷತೆಯ ಕಾರಣಕ್ಕೆ ನಿರ್ಬಂಧಿಸಬಹುದು, ನಿಜ. ಆದರೆ ಆ ಕಾರಣ ಸಾಚಾವೇ ಎಂದು ತೀರ್ಮಾನಿಸುವುದು ಸ್ಥಳೀಯರಲ್ಲ, ವಿಮಾನಯಾನ ಆಡಳಿತ. ತೆರಿಗೆದಾರರ ಹಣದಲ್ಲಿ ಹಾಸಿದ ರನ್‌ವೇ ಉಳ್ಳವರ ಖಾಸಗಿ ಅಂಗಳವಾಗದಿರಲು ಈ ಏರ್ಪಾಡು ಬೇಕೇ ಬೇಕು. ಅನುದಾನ ಮುಟ್ಟದ ಖಾಸಗಿ ಮೈದಾನಕ್ಕೆ ಮಾತ್ರ ಈ ಕರಾರು ಅನ್ವಯಿಸದು.

ನಿಷೇಧಕ್ಕಿಂತ ಸುಲಭದ ದಾರಿಗಳೂ ಇವೆ: ರನ್‌ವೇ ಪಕ್ಕದ ಹುಲ್ಲುಪಟ್ಟಿಯನ್ನು ಅಲ್ಟ್ರಾಲೈಟ್‌ಗಳಿಗೆ ಬಿಟ್ಟುಕೊಟ್ಟು, ಅವು ಇತರ ವಿಮಾನಗಳಿಗಿಂತ 500 ಅಡಿ ಕೆಳಗೆ ಸುತ್ತುಹಾಕಿ ಇಳಿಯುವಂತೆ ಗೊತ್ತುಪಡಿಸಬಹುದು.