ಜಗಲಿಯ ಗೋಡೆಯಲ್ಲಿ ತೇಲುತ್ತಿದ್ದ ತಟ್ಟೆ

"ಮೀಟ್ರು ಓಡ್ತಾ ಅದಾ ನೋಡು ಮಗ." ಬಿಲ್ಲು ಜಾಸ್ತಿ ಬಂದ ತಿಂಗಳು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮನೆಗಳಲ್ಲಿ ಕೇಳಿಬರುತ್ತಿದ್ದ ಮಾತಿದು. ಮಕ್ಕಳು ಸ್ಟೂಲು ಹತ್ತಿ ನೋಡುತ್ತಿದ್ದದ್ದು ಗಾಜಿನ ಹಿಂದೆ ಸುತ್ತುವ ಅಲ್ಯೂಮಿನಿಯಂ ತಟ್ಟೆಯನ್ನು. ಆಯಸ್ಕಾಂತದ ಬಲದಿಂದ ತೇಲುವುದು ಎಂದರೆ ನಮಗೆ ಜಪಾನಿನ ರೈಲೇ ನೆನಪಾಗುತ್ತದೆ. ಆದರೆ ಇಂಥ ಎಷ್ಟೋ ಮೀಟರುಗಳಲ್ಲಿ ಆ ತಟ್ಟೆಯ ಭಾರವನ್ನು ಹೊತ್ತಿದ್ದದ್ದೂ ಆಯಸ್ಕಾಂತವೇ.

ಹೀಗೇಕೆ ಮಾಡಬೇಕಾಯಿತು? ಲೆಕ್ಕ ಹಾಕಿ. ಯೂನಿಟ್ಟಿಗೆ 600 ಸುತ್ತು ಎಂದು ಬರೆದ ಮೀಟರಿನಲ್ಲಿ 15 ವ್ಯಾಟಿನ ಒಂದೇ ಬಲ್ಬು ಉರಿದರೆ ತಟ್ಟೆ ಗಂಟೆಗೆ ಸುತ್ತುವುದು ಒಂಬತ್ತೇ ಸಲ. ತಳ್ಳುವ ಬಲ ಅಷ್ಟು ಕಡಿಮೆ. ಹಳೆಯ ಮೀಟರುಗಳಲ್ಲಿ ತಟ್ಟೆಯ ಕಡ್ಡಿ ಪುಟ್ಟ ನೀಲಮಣಿಯ ಬಟ್ಟಲಿನ ಮೇಲೆ ಕೂತಿರುತ್ತಿತ್ತು. ಬಟ್ಟಲು ಸವೆದರೆ ತಿಕ್ಕಾಟ ಹೆಚ್ಚಿ, ಸಣ್ಣ ಬಳಕೆಯ ಲೆಕ್ಕವೇ ತಪ್ಪುತ್ತಿತ್ತು. ಕೊಳ್ಳೇಗಾಲದ ರೇಷ್ಮೆ ಹುರಿ ಮಿಷನ್ನಿಗಾದರೆ ಆಗಾಗ ಎಣ್ಣೆ ಬಿಡಬಹುದು. ಸೀಲು ಬಿದ್ದ ಮೀಟರಿನ ಮುಚ್ಚಳ ತೆಗೆಯುವವರು ಯಾರು? ವರ್ಷಗಟ್ಟಲೆ ಅದು ತನ್ನಷ್ಟಕ್ಕೇ ನಡೆಯಬೇಕು.

ಅದಕ್ಕೆ ಕಂಡ ದಾರಿ, ಕಡ್ಡಿಯ ಬುಡದಲ್ಲಿ ಒಂದನ್ನೊಂದು ದೂಡುವ ಎರಡು ಆಯಸ್ಕಾಂತದ ಬಳೆಗಳು. ಕೆಳಗಿನದು ಅಲುಗದು, ಮೇಲಿನದು ತಟ್ಟೆಯ ಜೊತೆ ತಿರುಗುತ್ತದೆ. ನಡುವೆ ಗಾಳಿ ಮಾತ್ರ. ಆದರೂ ಒಂದು ಸೂಜಿ ಬೇಕೇ ಬೇಕು. ಸ್ಥಿರ ಆಯಸ್ಕಾಂತಗಳಷ್ಟನ್ನೇ ನಂಬಿ ಇನ್ನೊಂದು ಆಯಸ್ಕಾಂತವನ್ನು ಅಲುಗದಂತೆ ತೇಲಿಸಲಾಗದು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಅರ್ನ್‌ಷಾ 1842ರಲ್ಲೇ ತೋರಿಸಿದ ಗಣಿತವಿದು. ಸೂಜಿ ಭಾರ ಹೊರುವುದಿಲ್ಲ, ತಟ್ಟೆ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ, ಅಷ್ಟೇ. ನನಗೆ ಇನ್ನೂ ಸೊಗಸಾಗಿ ಕಾಣುವುದು ತಟ್ಟೆಯ ಅಂಚಿನಲ್ಲಿರುವ ಮತ್ತೊಂದು ಆಯಸ್ಕಾಂತ. ಅದು ಮುಟ್ಟದೆಯೇ ತಟ್ಟೆಗೆ ಬ್ರೇಕು ಹಾಕುತ್ತದೆ. ಎತ್ತಿ ಹಿಡಿಯುವುದೂ ಆಯಸ್ಕಾಂತ, ಓಟವನ್ನು ಹದದಲ್ಲಿಡುವುದೂ ಆಯಸ್ಕಾಂತ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಇಂಥ ಮೀಟರನ್ನು ಮಾರುಕಟ್ಟೆಗೆ ತಂದದ್ದು 1940ರ ದಶಕದ ಕೊನೆಗೆ. ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ಕರೆಂಟು ತೆಗೆದ ಜನರೇಟರುಗಳೂ ಇದೇ ಕಂಪನಿಯವು. ಆ ಕರೆಂಟು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. ಮುಂದೆ ಬೆಂಗಳೂರಿನ ಮೈಸೂರು ರಸ್ತೆಯ ರೆಮ್ಕೋ ಕಾರ್ಖಾನೆಯೂ ಮನೆಬಳಕೆಯ ಮೀಟರು ತಯಾರಿಸಿತು.

ಈಗ ಗೋಡೆಯ ಮೇಲೆ ಕೆಂಪು ದೀಪ ಮಿನುಗುವ ಡಿಜಿಟಲ್ ಮೀಟರು. ಅದರೊಳಗೆ ತಿರುಗುವುದು ಏನೂ ಇಲ್ಲ, ಆದ್ದರಿಂದ ಸವೆಯುವುದೂ ಇಲ್ಲ. ಅದನ್ನು ದೂರಲು ನನಗೆ ಕಾರಣವಿಲ್ಲ. ಆದರೆ ಕಳಚಿದ ಆ ತೇಲುವ ತಟ್ಟೆಯ ಮೀಟರು ತಾಮ್ರ, ಅಲ್ಯೂಮಿನಿಯಂ ಎಂದು ಗುಜರಿಯ ತಕ್ಕಡಿಗೆ ಹೋಗುವಾಗ ಸಂಕಟವಾಗುತ್ತದೆ. ಮೂರೂ ತಾಲ್ಲೂಕುಗಳ ಹೈಸ್ಕೂಲುಗಳ ವಿಜ್ಞಾನದ ಬೀರುವಿನಲ್ಲಿ ಒಂದೊಂದನ್ನು, ಮುಚ್ಚಳ ಬಿಚ್ಚಿ, ಕರೆಂಟು ಕೊಡದೆ ಇಟ್ಟರೂ ಸಾಕು. ಮಕ್ಕಳು ಬೆರಳಲ್ಲಿ ತಟ್ಟೆಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿದರೆ, ಕಾಣದ ಬಲವೊಂದು ಅದನ್ನು ಮೇಲಕ್ಕೆ ದೂಡುವುದು ಅವರಿಗೇ ತಿಳಿಯುತ್ತದೆ.