ಹಳೆಯ ರಸ್ತೆಯ ಫಲಾಹಾರ

ಬೆಂಗಳೂರಿನಿಂದ ಮೈಸೂರಿಗೆ ಈಗ ಎರಡು ಹಾದಿಗಳಿವೆ. ಒಂದು ಅವಸರದವರದು, ಇನ್ನೊಂದು ಹಸಿದವರದು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ದಶಪಥ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗೆ ಸರಿಸಿ ನೆಟ್ಟಗೆ ಸಾಗುತ್ತದೆ. ಮೂರು ಗಂಟೆಯ ಪಯಣ ಅರ್ಧಕ್ಕಿಳಿದಿದೆ. ಆದರೆ ಆ ಊರುಗಳ ಒಲೆಗಳು ಉರಿಯುತ್ತಿದ್ದುದು ದಾರಿಹೋಕರನ್ನು ನಂಬಿಕೊಂಡು.

ಆದುದರಿಂದ ನಾಲ್ಕಾರು ಮಿತ್ರರು ಕೂಡಿ ತಿನ್ನುವುದಕ್ಕೆಂದೇ ಹೊರಡುವುದಾದರೆ ಹಳೆಯ ರಸ್ತೆಯನ್ನೇ ಹಿಡಿಯತಕ್ಕದ್ದು. ನಸುಕಿನಲ್ಲಿ ಒಂದು ಲೋಟ ಕಾಫಿಯ ಹೊರತು ಮನೆಯಲ್ಲಿ ಏನನ್ನೂ ಮುಟ್ಟಬಾರದೆಂಬುದು ಬಲ್ಲವರ ನಿಯಮ. ಹೆಂಡತಿಯ ಮಾತು ಮೀರಲಾರದೆ ಉಪ್ಪಿಟ್ಟು ತಿಂದು ಬರುವವನೊಬ್ಬ ಎಲ್ಲ ಗುಂಪಿನಲ್ಲಿಯೂ ಇದ್ದೇ ಇರುತ್ತಾನೆ. ಅವನಿಗೆ ಕಾರು ನಡೆಸುವ ಕೆಲಸ ವಹಿಸುವುದು ಲೇಸು.

ಮೊದಲ ತಂಗುದಾಣ ಬಿಡದಿ. ಇಲ್ಲಿಯ ತಟ್ಟೆ ಇಡ್ಲಿ ಹೆಸರಿಗೆ ತಕ್ಕಂತೆ ತಟ್ಟೆಯಗಲ. ಹುಳಿ ಬಂದ ಹಿಟ್ಟನ್ನು ಚಪ್ಪಟೆ ತಟ್ಟೆಗಳಿಗೆ ಹೊಯ್ದು, ಒಂದರ ಮೇಲೊಂದು ಜೋಡಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಮೃದುತ್ವಕ್ಕಾಗಿ ಕೆಲವರು ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ರುಬ್ಬಿ ಸೇರಿಸುವುದುಂಟು. ಮುಚ್ಚಳ ತೆಗೆದೊಡನೆ ಏಳುವ ಹಬೆಯಲ್ಲಿ ಮಾಣಿಯ ಮುಖವೇ ಮರೆಯಾಗುತ್ತದೆ. “ಬೆಣ್ಣೆ ಹಾಕಲೇ, ಸ್ವಾಮಿ?” ಎಂಬ ದನಿ ಮಾತ್ರ ಕೇಳಿಸುತ್ತದೆ. ಬೇಡವೆನ್ನುವವರು ವಿರಳ. ತುಮಕೂರಿನ ಕಡೆಯ ಮಿತ್ರನೊಬ್ಬ ಜೊತೆಗಿದ್ದರಂತೂ ಕ್ಯಾತಸಂದ್ರದ ತಟ್ಟೆ ಇಡ್ಲಿಯೇ ಮೇಲೆಂದು ವಾದ ಹೂಡುವನು. ವಾದಿಸುತ್ತಲೇ ಎರಡನೆಯದನ್ನು ತರಿಸುವನು.

ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆಗಳು; ತಿಂಡಿಪೋತರಿಗೆ ಅವುಗಳಿಂದ ಆಗಬೇಕಾದುದೇನೂ ಇಲ್ಲ. ಇಡ್ಲಿ ಕರಗುವಷ್ಟು ಹೊತ್ತು ಕಾಲಾಡಿಸಿ ಮುಂದಕ್ಕೆ ನಡೆಯುತ್ತಾರೆ.

ಮದ್ದೂರಿನ ಮಾತೇ ಬೇರೆ. 1917ರಲ್ಲಿ ಇಲ್ಲಿಯ ರೈಲು ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು, ಗಾಡಿ ಬರುವ ವೇಳೆಗೆ ಪಕೋಡ ಕರಿಯಲು ಸಮಯ ಸಾಲದೆ, ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರೆಂದು ಪ್ರತೀತಿ. ಅವಸರದಲ್ಲಿ ಹುಟ್ಟಿತೆನ್ನುವ ಈ ವಡೆಯನ್ನು ಅವಸರದಲ್ಲಿ ಮಾಡಿದರೆ ಕೆಟ್ಟಿತು! ಉದ್ದಿನ ಸೋಂಕಿಲ್ಲದ ವಡೆಯಿದು. ರವೆ, ಅಕ್ಕಿಹಿಟ್ಟು, ಮೈದಾಗಳಿಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಬೆರೆಸಿ, ಕಾದ ಎಣ್ಣೆ ಸುರಿದು, ನೀರನ್ನು ಲೋಭಿಯ ಕೈಯಿಂದ ಚಿಮುಕಿಸಿ ಕಲೆಸಬೇಕು. ಉರಿ ಹದವಾಗಿರಬೇಕು, ಹೆಚ್ಚಿದರೆ ಹೊರಗೆ ಕರಿಕು, ಒಳಗೆ ಹಸಿ. ಹದವರಿತು ಕರಿದ ವಡೆಯ ಅಂಚು ಮುರಿದಾಗ ಸದ್ದಾಗುತ್ತದೆ, ನಡುವೆ ಮಾತ್ರ ಈರುಳ್ಳಿಯ ಮೆದು.

ಇಂಥ ತಿಂಡಿಗಳನ್ನು ಬೆಳೆಸಿದುದು ನಿಲುಗಡೆ. ರೈಲು ನಿಂತಿತು, ಬಸ್ಸು ನಿಂತಿತು, ಜನ ಇಳಿದರು, ತಿಂದರು. ರೋಗಿಯನ್ನು ಮೈಸೂರಿನಿಂದ ಬೆಂಗಳೂರಿಗೆ ಕರೆದೊಯ್ಯುವವರಿಗೆ ಹೊಸ ಹೆದ್ದಾರಿ ವರವೇ ಸರಿ. ಅದನ್ನು ಹಳಿಯುವುದು ಅನ್ಯಾಯ. ಆದರೆ ಅದು ತೆರೆದ ಮೇಲೆ ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರ ಕುಸಿಯಿತು. ಕೆಲವರು ಬಾಗಿಲು ಹಾಕಿದರು. ಒಬ್ಬ ಮಾಲೀಕ ಅಂಗಡಿ ಮುಚ್ಚಿದರೆ ಹಿಟ್ಟು ರುಬ್ಬುವವರು, ಪಾತ್ರೆ ಬೆಳಗುವವರು, ಹೂವು ಎಳನೀರು ಮಾರುವವರು ಎಲ್ಲರಿಗೂ ಬೆಳಗಿನ ದುಡಿಮೆ ತಪ್ಪಿತು.

2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಹೆದ್ದಾರಿಯ ಮುಖ್ಯ ಪಥದಲ್ಲಿ ನಿಷೇಧ ಬಂದಿತು. ಬೈಸಿಕಲ್ಲನ್ನು ಬಿಟ್ಟು ಬೈಕೇರಿದ ತರುಣರ ಜೋಡಿಗಳು ಹೀಗೆ ಊರಿನ ಹಾದಿಗೆ ಮರಳಿದುವು. ಶಿರಸ್ತ್ರಾಣವನ್ನು ಮೇಜಿನ ಮೇಲಿಟ್ಟು ಇಡ್ಲಿ ಕೇಳುವ ಇವರ ಹಸಿವು ಸಣ್ಣದಲ್ಲ.

ಮದ್ದೂರು ದಾಟುವಷ್ಟರಲ್ಲಿ ಹೆಚ್ಚಿನವರ ಜಠರ ಶರಣಾಗುತ್ತದೆ. ಮಂಡ್ಯದ ಮುದ್ದೆ, ಮೈಸೂರಿನ ದೋಸೆಗಳನ್ನು ಮತ್ತೊಂದು ಭಾನುವಾರಕ್ಕೆ ಉಳಿಸಿ ಕಾರು ತಿರುಗಿಸುತ್ತಾರೆ. ಮನೆಯವರಿಗೆಂದು ವಡೆ ಕಟ್ಟಿಸುವಾಗ ಒಂದು ಪೊಟ್ಟಣ ಹೆಚ್ಚಾಗಿಯೇ ಕೊಳ್ಳಬೇಕು. ಬಿಡದಿ ಬರುವ ಮೊದಲೇ ಹಿಂದಿನ ಆಸನದಲ್ಲಿ ಕಾಗದ ಬಿಚ್ಚುವ ಸದ್ದು ಕೇಳಿಸುತ್ತದೆ.