ಹಳೆಯ ಬರೋಲೊ ತಳದಲ್ಲಿ ಗಸಿ ಏಕೆ?

ಪ್ರಶ್ನೆ: ಇಟಲಿಯ ಬರೋಲೊ ವೈನನ್ನು ಹತ್ತಾರು ವರ್ಷ ಇಟ್ಟು ಕುಡಿಯುತ್ತಾರಂತೆ. ಅದು ಕೆಡುವುದಿಲ್ಲವೇ? ತಳದಲ್ಲಿ ಗಸಿ ಕೂರುವುದೇಕೆ?

ಉತ್ತರ: ಇಟ್ಟಷ್ಟೂ ರುಚಿ ಏರುವುದು ಎಲ್ಲ ವೈನಿನ ಹಣೆಬರಹವಲ್ಲ, ಹೆಚ್ಚಿನವನ್ನು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕು. ಬರೋಲೊ ಬಾಳುವುದು ದ್ರಾಕ್ಷಿಯ ಗುಣದಿಂದ. ಪಿಯೆಮೊಂಟೆ ಪ್ರಾಂತ್ಯದ ಲಾಂಗೆ ಗುಡ್ಡಗಳ ನೆಬಿಯೋಲೊ ತಳಿಯಲ್ಲಿ ಒಗರು ಕೊಡುವ ಟ್ಯಾನಿನ್ನೂ ಹುಳಿಯೂ ಜಾಸ್ತಿ. ಎಳೆಯ ಬರೋಲೊ ಗುಟುಕರಿಸಿದರೆ ಹಸಿ ಅಡಿಕೆ ಜಗಿದಂತೆ ಒಸಡೆಲ್ಲ ಒಗರು. ಅದಕ್ಕೇ ಕಾನೂನೇ ತಡೆ ಹಾಕಿದೆ: ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ‘ರಿಸೆರ್ವಾ’ ಎನಿಸಿಕೊಳ್ಳಲು 62 ತಿಂಗಳು.

ಬಾಟಲಿಯೊಳಗೂ ಕೆಲಸ ನಿಲ್ಲುವುದಿಲ್ಲ. ಟ್ಯಾನಿನ್ ಅಣುಗಳು ತಮ್ಮತಮ್ಮಲ್ಲೂ ಬಣ್ಣದ ಅಂಶಗಳೊಂದಿಗೂ ಬೆಸೆದು, ಭಾರವಾಗಿ ತಳ ಸೇರುತ್ತವೆ. ಗಸಿ ಎಂದರೆ ಅದೇ, ಕೆಟ್ಟಿತೆಂದು ಚೆಲ್ಲಬೇಡಿ. ಒಗರು ಇಳಿಯುತ್ತದೆ, ಕೆಂಪು ಬಣ್ಣ ಗ್ಲಾಸಿನ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಒಣಗಿದ ಗುಲಾಬಿ, ಡಾಂಬರಿನ ವಾಸನೆ ಏಳುತ್ತದೆ. ಡಾಂಬರೆಂದರೆ ಮುಖ ಸಿಂಡರಿಸಬೇಡಿ, ಬಲ್ಲವರು ಹುಡುಕುವುದೇ ಅದನ್ನು!

ಇಂಥ ವೈನುಗಳ ರುಚಿ ನೋಡುವ ಔತಣದಲ್ಲಿ ಮಾಂಸವೂ ಇರಲೇಬೇಕು, ಅದರ ಪ್ರೋಟೀನು ಟ್ಯಾನಿನ್ನಿನ ಒಗರನ್ನು ಮೆತ್ತಗಾಗಿಸುತ್ತದೆ. ಅಲ್ಲಿನವರು ದನದ ಮಾಂಸವನ್ನು ಬರೋಲೊದಲ್ಲೇ ಬೇಯಿಸುತ್ತಾರೆ. ಹಳೆಯ ಬಾಟಲಿ ಕೈಗೆ ಸಿಕ್ಕರೆ ಕುಡಿಯುವ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ನಿಧಾನವಾಗಿ ಬಗ್ಗಿಸಿ, ಗಸಿ ಕತ್ತಿಗೆ ಬರುವ ಮೊದಲೇ ಸುರಿಯುವುದನ್ನು ನಿಲ್ಲಿಸಿ.